ಲೇಖನಿ ಯಾರ ಕೈಯಲ್ಲಿ? ಆರೋಗ್ಯವಿಮೆಯ ನೋಂದಣಿಯನ್ನು ಕುರಿತು

(ಒಮಾನಿನ ಮತ್ರಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂದೊಡನೆ ಕಾವ್ಯಮೀಮಾಂಸೆಯನ್ನೋ ಶಾಸನಗಳನ್ನೋ ದಾಸರ ಕೀರ್ತನೆಗಳನ್ನೋ ನಿರೀಕ್ಷಿಸುವುದು ನಮ್ಮಲ್ಲಿ ರೂಢಿ. ಆ ನಿರೀಕ್ಷೆಯಿಂದ ಬಂದವರಿಗೆ ಇಂದು ಕೊಂಚ ಆಶಾಭಂಗವಾದೀತು. ದಾನಿಗಳು ತಮ್ಮ ಹೆಸರನ್ನು ವೇದಿಕೆಯ ಮೇಲೆ ಉಚ್ಚರಿಸಕೂಡದೆಂದೂ, ವಿಷಯವು ಮಾತ್ರ ಇಲ್ಲಿ ದುಡಿಯುವವರ ಯೋಗಕ್ಷೇಮಕ್ಕೆ ಸಂಬಂಧಿಸಿರತಕ್ಕದ್ದೆಂದೂ ಎರಡು ನಿಬಂಧನೆಗಳನ್ನು ವಿಧಿಸಿದ್ದಾರೆ. ಮೊದಲನೆಯದನ್ನು ಪಾಲಿಸುವುದು ಸುಲಭ, ಎರಡನೆಯದಕ್ಕಾಗಿ ಸಾರ್ವಜನಿಕ ಆರೋಗ್ಯವಿಮೆಯನ್ನು, ಅದರಲ್ಲಿಯೂ ಅದಕ್ಕೆ ಹೆಸರು ಬರೆಸಿಕೊಳ್ಳುವ ಕಾರ್ಯವನ್ನು ಆರಿಸಿಕೊಂಡಿದ್ದೇನೆ. ಯೋಜನೆಗಳ ಗುಣದೋಷಗಳನ್ನು ಕುರಿತು ಪತ್ರಿಕೆಗಳಲ್ಲಿಯೂ ಶಾಸನಸಭೆಗಳಲ್ಲಿಯೂ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಆದರೆ ಯೋಜನೆಯೊಂದು ಸರ್ಕಾರದ ಆಜ್ಞಾಪತ್ರದಿಂದ ಕೆಳಗಿಳಿದು ಒಬ್ಬ ಮೀನುಗಾರನ, ಒಬ್ಬ ಗಾರೆಯವನ, ಒಬ್ಬ ದರ್ಜಿಯ ಹೆಸರನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುವ ಗಳಿಗೆಯ ವಿಚಾರವಾಗಿ ಚಿಂತಿಸುವವರು ವಿರಳ. ಆ ಗಳಿಗೆಯಲ್ಲಿ ಲೇಖನಿ ಯಾರ ಕೈಯಲ್ಲಿರುತ್ತದೆಂಬುದರ ಮೇಲೆ ಯೋಜನೆಯ ಅರ್ಧ ಭವಿಷ್ಯ ನಿಂತಿರುತ್ತದೆಂಬುದೇ ನಾನು ಇಂದು ನಿವೇದಿಸಬೇಕೆಂದಿರುವ ಮಾತು.

ಈ ಊರಿನಲ್ಲಿ ನಿಂತು ಆ ವಿಷಯವನ್ನೆತ್ತುವುದು ಅಪ್ರಸ್ತುತವಲ್ಲ. ಪಶ್ಚಿಮ ಸಮುದ್ರದ ಈ ಎರಡು ತೀರಗಳ ನಡುವಣ ವ್ಯವಹಾರವು ಬೆಳೆದದ್ದೇ ಅಪಾಯದ ಗಣನೆಯ ಮೇಲೆ. ಪೋರ್ಚುಗೀಸರ ಕಾಲದಲ್ಲಿ ಬಸರೂರು ಮಂಗಳೂರುಗಳ ಅಕ್ಕಿ ಹೊರ್ಮುಜ್ ಮಸ್ಕತ್‌ಗಳ ಉಗ್ರಾಣಗಳನ್ನು ಸೇರುತ್ತಿತ್ತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಟಿಪ್ಪು ಸುಲ್ತಾನನು ಮಸ್ಕತ್‌ನಲ್ಲಿ ತನ್ನದೇ ಆದ ಕೋಠಿಯನ್ನಿರಿಸಿ ಮಲೆಸೀಮೆಯ ಗಂಧವನ್ನೂ ಮೆಣಸು ಏಲಕ್ಕಿಗಳನ್ನೂ ಇಲ್ಲಿ ಮಾರಿಸುತ್ತಿದ್ದನು. ಹಡಗು ಮುಳುಗಿದರೆ ಸಾಲ ಕೊಟ್ಟವನ ಅಸಲೂ ಅದರೊಡನೆ ಮುಳುಗುತ್ತಿದ್ದಿತಾದುದರಿಂದ, ಯಾಜ್ಞವಲ್ಕ್ಯಸ್ಮೃತಿಯು ಅಡವಿಯ ಹಾದಿ ಹಿಡಿದು ವ್ಯಾಪಾರಕ್ಕೆ ಹೋಗುವವರಿಗೆ ನೂರಕ್ಕೆ ಹತ್ತರಂತೆಯೂ ಸಮುದ್ರಯಾನ ಮಾಡುವವರಿಗೆ ನೂರಕ್ಕೆ ಇಪ್ಪತ್ತರಂತೆಯೂ ಬಡ್ಡಿಯನ್ನು ಹೇಳಿತು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ನಮ್ಮ ಕಲ್ಯಾಣದಲ್ಲಿ ಇದ್ದವನೆಂಬುದನ್ನು ಇಲ್ಲಿ ಸ್ಮರಿಸಿದರೆ ಅದು ಕೇವಲ ದೇಶಾಭಿಮಾನವಾಗಲಾರದು. ಅಪಾಯಕ್ಕೂ ಒಂದು ಬೆಲೆಯುಂಟು, ಆ ಬೆಲೆಯನ್ನು ಹಡಗು ಹಾಯಿ ಎತ್ತುವುದಕ್ಕೆ ಮೊದಲೇ ನಿಶ್ಚಯಿಸಿಕೊಳ್ಳಬೇಕು ಎಂಬ ವಿವೇಕವು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಹೊಸದಾದದ್ದು ಇಷ್ಟೇ: ಅಂದು ಅಕ್ಕಿಯ ಮೂಟೆಗೆ ಗಣಿಸಿದ ಬೆಲೆಯನ್ನು ಮೂಟೆ ಹೊರುವ ಖಲಾಸಿಯ ದೇಹಕ್ಕೆ ಯಾರೂ ಗಣಿಸಿರಲಿಲ್ಲ.

ಮನುಷ್ಯನ ದೇಹವನ್ನು ಈ ಗಣನೆಯೊಳಕ್ಕೆ ತಂದದ್ದು ಆಧುನಿಕ ಪ್ರಭುತ್ವ. ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ಕಾರ್ಮಿಕರಿಗೆ ಕಡ್ಡಾಯವಾದ ರೋಗವಿಮೆಯನ್ನು ಜಾರಿಗೆ ತಂದನು. ಮೈಸೂರು ಸಂಸ್ಥಾನವು 1891ರಷ್ಟು ಹಿಂದೆಯೇ ತನ್ನ ನೌಕರರಿಗಾಗಿ ಸರ್ಕಾರದ ವತಿಯಿಂದಲೇ ಜೀವವಿಮೆಯನ್ನು ಏರ್ಪಡಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ವಂಶಸ್ಥ. ಸ್ವತಂತ್ರ ಭಾರತವು 1948ರಲ್ಲಿ ಕಾರ್ಮಿಕರ ರಾಜ್ಯವಿಮಾ ಶಾಸನವನ್ನು ಅಂಗೀಕರಿಸಿ, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅವರ ಹಸ್ತದಿಂದ ಅದನ್ನು ಉದ್ಘಾಟಿಸಿತು. ಇವೆಲ್ಲವುಗಳಲ್ಲಿಯೂ ಕಡ್ಡಾಯವೆಂಬ ಗುಣ ಸಮಾನವಾಗಿದೆ, ಮತ್ತು ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಬರುವವರನ್ನು ಅವರವರ ಇಚ್ಛೆಗೇ ಬಿಟ್ಟರೆ ರೋಗಿಗಳು ಓಡಿಬರುವರು, ಆರೋಗ್ಯವಂತರು ಹಿಂದುಳಿಯುವರು, ನಿಧಿಯು ಬರಿದಾಗುವುದು. ಮನೆಯ ಮಾಡನ್ನು ಮಳೆಗಾಲಕ್ಕೆ ಮೊದಲೇ ಹೊದಿಸಬೇಕೆಂಬುದು ಕರಾವಳಿಯಲ್ಲಿ ಹುಟ್ಟಿದ ನಮಗೆ ಯಾರೂ ಹೇಳಿಕೊಡಬೇಕಾದುದಲ್ಲ. ಆದರೂ ಮಾಡಿನ ವಿಷಯದಲ್ಲಿರುವ ಈ ದೂರದೃಷ್ಟಿ ಮೈಯ ವಿಷಯಕ್ಕೆ ಬಂದಾಗ ಹೇಗೋ ಮಬ್ಬಾಗುತ್ತದೆ. ಸ್ವಸ್ಥನಾದವನಿಗೆ ತಾನು ಅಸ್ವಸ್ಥನಾಗಬಹುದೆಂಬ ಕಲ್ಪನೆಯೇ ಅಶುಭವಾಗಿ ತೋರುತ್ತದೆ.

ಇನ್ನು ಮತ್ರಾದ ಕಥೆಗೆ ಬರುತ್ತೇನೆ. ಅಮೆರಿಕದ ಅರೇಬಿಯನ್ ಮಿಷನ್ನಿನ ವೈದ್ಯ ಡಾ. ಶರೋನ್ ಥಾಮ್ಸ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಲ್ಲಿ ಚಿಕಿತ್ಸೆಯನ್ನು ಆರಂಭಿಸಿ, 1913ರಲ್ಲಿ ದೂರವಾಣಿಯ ತಂತಿ ಎಳೆಯುವ ಕೆಲಸದಲ್ಲಿ ಕಂಬದಿಂದ ಬಿದ್ದು ತೀರಿಕೊಂಡರು. ಎತ್ತರದಿಂದ ಬಿದ್ದು ಸಾಯುವ ಪರದೇಶೀಯರ ದುರ್ವಾರ್ತೆಯನ್ನು ಇಂದಿಗೂ ಆಗಾಗ ಕೇಳುವ ನಮಗೆ ಆ ಪ್ರಸಂಗವು ಬಹು ಹಳೆಯದೆನ್ನಿಸುವುದಿಲ್ಲ. ಅವರ ಮಗ ಡಾ. ವೆಲ್ಸ್ ಥಾಮ್ಸ್ ತಂದೆ ಮಡಿದ ಊರಿಗೇ ಬಂದು 1970ರ ಪರ್ಯಂತ ಮತ್ರಾದ ಮಿಷನ್ ಆಸ್ಪತ್ರೆಯನ್ನು ನಡೆಸಿದರು. 1970ರ ಜುಲೈ 23ರಂದು ಸುಲ್ತಾನ್ ಕಾಬೂಸರು ಪಟ್ಟಕ್ಕೆ ಬರುವವರೆಗೆ ಈ ದೇಶದಲ್ಲಿ ಆಸ್ಪತ್ರೆಯೆಂದು ಕರೆಯಬಹುದಾದದ್ದು ಅತ್ಯಲ್ಪ. ಅಲ್ಲಿಂದ ಮೂವತ್ತೇ ವರ್ಷಗಳಲ್ಲಿ ಆದ ಪರಿವರ್ತನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2000ದ ವರದಿ ದಾಖಲಿಸಿದೆ: ಜಗತ್ತಿನ ಆರೋಗ್ಯವ್ಯವಸ್ಥೆಗಳ ಒಟ್ಟಾರೆ ಕಾರ್ಯಕ್ಷಮತೆಯಲ್ಲಿ ಒಮಾನಿಗೆ 8ನೆಯ ಸ್ಥಾನ, ನಮ್ಮ ಭಾರತಕ್ಕೆ 112ನೆಯದು. ಅಂಥ ಪಟ್ಟಿಗಳ ಗಣಿತದಲ್ಲಿ ವಿವಾದವುಂಟು; ಆದರೆ ಈ ಊರಿನ ಮುದುಕರನ್ನು ಕೇಳಿದರೆ ಗಣಿತದ ಗೊಡವೆಯೇ ಇಲ್ಲದೆ ಅದೇ ತೀರ್ಪನ್ನು ಕೊಟ್ಟಾರು.

ಆ ವ್ಯವಸ್ಥೆಯು ಪ್ರಜೆಗಳಿಗಾಗಿ, ರಾಜ್ಯದ ವೆಚ್ಚದಲ್ಲಿ ಕಟ್ಟಲ್ಪಟ್ಟದ್ದು. ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಎರಡು ಪಾಲಿನಷ್ಟಿರುವ ವಿದೇಶೀಯರಾದ ನಾವು, ಅಂದರೆ ಬತಾಕವೆಂಬ ನಿವಾಸಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಸೂಕ್ ಎಂಬ ಪೇಟೆಯ ಅಂಗಡಿಗಳಲ್ಲಿ ನಿಂತಿರುವವರು, ಬಂದರಿನಲ್ಲಿ ಹೊರೆ ಇಳಿಸುವವರು, ಮನೆಗೆಲಸಕ್ಕೆ ಬಂದವರು, ಹಣ ತೆತ್ತು ಚಿಕಿತ್ಸೆ ಪಡೆಯತಕ್ಕವರು. ಇದರಲ್ಲಿ ದೂರಬೇಕಾದುದೇನೂ ಇಲ್ಲ. ಬೇರೆ ದೇಶಗಳೂ ಹೀಗೆಯೇ ವರ್ತಿಸುತ್ತವೆ. ಆದರೆ ಹಣ ತೆರತಕ್ಕವರು ಯಾರು, ಅರಬಾಬನೆನ್ನಿಸುವ ಒಡೆಯನೋ ಕೆಲಸಗಾರನೋ, ಎಂಬ ಪ್ರಶ್ನೆಗೆ ಬಹುಕಾಲ ಅಸ್ಪಷ್ಟ ಉತ್ತರವೇ ಇದ್ದಿತು. ಒಳ್ಳೆಯ ಸಂಸ್ಥೆಗಳು ವಿಮಾಪತ್ರವನ್ನು ಕೊಡುತ್ತಿದ್ದವು. ಉಳಿದವರು ರೋಗ ಬಂದಾಗ ನೋಡಿಕೊಳ್ಳೋಣವೆನ್ನುತ್ತಿದ್ದರು, ಬಂದಾಗ ಬೇರೆ ಕಡೆ ನೋಡುತ್ತಿದ್ದರು. ಈ ಅಸ್ಪಷ್ಟತೆಯನ್ನು ನೀಗುವುದಕ್ಕಾಗಿಯೇ ಇಲ್ಲಿನ ಬಂಡವಾಳ ಮಾರುಕಟ್ಟೆ ಪ್ರಾಧಿಕಾರವು 2019ರಲ್ಲಿ ಏಕರೂಪದ ಆರೋಗ್ಯವಿಮಾಪತ್ರದ ನಮೂನೆಯನ್ನು ಪ್ರಕಟಿಸಿತು. ಧಮಾನಿ ಎಂಬ ಹೆಸರಿನ ಈ ಯೋಜನೆಯ ಉದ್ದೇಶವು ಖಾಸಗಿ ವಲಯದ ನೌಕರರನ್ನೆಲ್ಲ ಕಡ್ಡಾಯವಾದ ವಿಮೆಯೊಳಕ್ಕೆ ತರುವುದು; ಒಳರೋಗಿಯ ಚಿಕಿತ್ಸೆ, ಹೊರರೋಗಿಯ ಚಿಕಿತ್ಸೆ, ತುರ್ತುಚಿಕಿತ್ಸೆ, ಔಷಧಗಳು ಇವುಗಳಿಗೆ ಎಲ್ಲ ಕಂಪನಿಗಳೂ ಒಂದೇ ಕನಿಷ್ಠ ಮಟ್ಟದ ರಕ್ಷಣೆಯನ್ನು ಕೊಡತಕ್ಕದ್ದು; ನೌಕರನ ಕಂತನ್ನು ಉದ್ಯೋಗದಾತನೇ ಭರಿಸತಕ್ಕದ್ದು. ಹಂತಹಂತವಾಗಿ ಬರುತ್ತಿರುವ ಈ ವ್ಯವಸ್ಥೆ ಎಲ್ಲರನ್ನೂ ಏಕಕಾಲಕ್ಕೆ ಮುಟ್ಟುವುದಿಲ್ಲವಾದ್ದರಿಂದ, ತನ್ನ ಹೆಸರು ಅದರಲ್ಲಿ ಸೇರಿದೆಯೇ ಇಲ್ಲವೇ ಎಂದು ಪ್ರತಿಯೊಬ್ಬನೂ ತಾನೇ ಕೇಳಿ ತಿಳಿದುಕೊಳ್ಳುವುದು ಅವಶ್ಯ. 2023ರ ಸಾಮಾಜಿಕ ರಕ್ಷಣಾ ಶಾಸನವು ಏರ್ಪಡಿಸಿದ ಪ್ರಸವರಜೆಯ ವಿಮೆಯಲ್ಲಿ ವಿದೇಶೀಯ ಉದ್ಯೋಗಿನಿಯರೂ ಸೇರುತ್ತಾರೆ. 98 ದಿನಗಳ ಆ ರಜೆಯ ವಿಷಯ ನಮ್ಮ ದಾದಿಯರಿಗೆ ತಿಳಿದಿದೆ, ನಮ್ಮ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ತಿಳಿದಂತಿಲ್ಲ.

ವಿಮೆಯ ಕಾರ್ಡು ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವವರು ಬಹಳ. ಆ ಕಾರ್ಡನ್ನು ಯಾವ ಚಿಕಿತ್ಸಾಲಯಗಳು ಅಂಗೀಕರಿಸುತ್ತವೆ, ಪ್ರತಿಯೊಂದು ಭೇಟಿಗೆ ರೋಗಿಯು ತನ್ನ ಕೈಯಿಂದ ಎಷ್ಟು ತೆರಬೇಕು, ವಾರ್ಷಿಕ ಮಿತಿ ಎಷ್ಟು, ಹಳೆಯ ಮಧುಮೇಹ ರಕ್ತದೊತ್ತಡಗಳು ಸೇರಿವೆಯೇ, ಹಲ್ಲು ಕಣ್ಣುಗಳು ಸೇರಿವೆಯೇ, ಕೆಲಸ ಬಿಟ್ಟ ದಿನವೇ ರಕ್ಷಣೆಯೂ ನಿಲ್ಲುವುದೇ ಎಂಬ ಪ್ರಶ್ನೆಗಳಿಗೆ ಉತ್ತರವು ಅರಬ್ಬಿ ಇಂಗ್ಲಿಷುಗಳಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದ ಹಾಳೆಯಲ್ಲಿರುತ್ತದೆ. ಆ ಹಾಳೆಯಾದರೋ ಕಚೇರಿಯ ಕಪಾಟಿನಲ್ಲಿರುತ್ತದೆ. ಕೇಳಿದರೆ ಕೊಡುವುದಿಲ್ಲವೆಂದಲ್ಲ. ಕೇಳುವುದು ಅವಿಧೇಯತೆಯೆಂದು ನಮ್ಮವರು ಸಂಕೋಚಪಡುತ್ತಾರೆ. ಸಂಬಳದ ಲೆಕ್ಕವನ್ನು ಬೈಸವೆಂಬ ಪುಡಿಕಾಸಿನವರೆಗೆ ಎಣಿಸುವವನು ವಿಮೆಯ ಲೆಕ್ಕವನ್ನು ಮಾತ್ರ ಭಗವದಿಚ್ಛೆಗೆ ಬಿಡುವುದು ನನಗೆ ಎಂದಿಗೂ ಅರ್ಥವಾಗಿಲ್ಲ.

ಊರು ಬಿಡುವಾಗಲೇ ನಮ್ಮ ಕಾರ್ಮಿಕನೊಡನೆ ಬರುವ ಇನ್ನೊಂದು ರಕ್ಷಣೆಯುಂಟು. ಭಾರತ ಸರ್ಕಾರವು 2003ರ ಡಿಸೆಂಬರ್ 25ರಂದು ಆರಂಭಿಸಿ, 2017ರಲ್ಲಿ ಪುನಾರಚಿಸಿದ ಪ್ರವಾಸಿ ಭಾರತೀಯ ಬೀಮಾ ಯೋಜನೆಯು, ವಲಸೆ ಅನುಮತಿ ಪಡೆಯಬೇಕಾದ ಪಾಸ್‌ಪೋರ್ಟಿನವರಿಗೆ ಒಮಾನ್ ಮೊದಲಾದ ದೇಶಗಳಿಗೆ ಹೊರಡುವ ಮುನ್ನ ಕಡ್ಡಾಯವಾಗಿದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಪ್ರತ್ಯೇಕ. ಮಸ್ಕತ್ ಸೇರಿದ ಮೇಲೆ ಒಂದು ಹೊತ್ತಿನ ಸ್ನೇಹಿತರ ಊಟಕ್ಕೆ ಇದಕ್ಕಿಂತ ಹೆಚ್ಚು ಕಳೆಯುತ್ತದೆ. ಅಪಘಾತದಿಂದ ಮರಣವೋ ಶಾಶ್ವತ ಅಂಗವೈಕಲ್ಯವೋ ಸಂಭವಿಸಿದರೆ 10 ಲಕ್ಷ ರೂಪಾಯಿ. ಆಸ್ಪತ್ರೆಯ ವೆಚ್ಚಕ್ಕೆ 1 ಲಕ್ಷದವರೆಗೆ, ಆದರೆ ಒಂದು ಸಲದ ದಾಖಲಾತಿಗೆ 50 ಸಾವಿರವನ್ನು ಮೀರದಂತೆ. ಉದ್ಯೋಗ ಸಂಬಂಧವಾದ ವ್ಯಾಜ್ಯಕ್ಕೆ 45 ಸಾವಿರದವರೆಗೆ. ಕೆಲಸದ ಮನೆ ಬದಲಾಯಿಸಿದರೂ ರಕ್ಷಣೆ ತಪ್ಪುವುದಿಲ್ಲ, ಮತ್ತು ಅಪಘಾತದ ಬಗೆಗೆ ಭಾರತದ ರಾಯಭಾರ ಕಚೇರಿ ಕೊಡುವ ಪ್ರಮಾಣಪತ್ರವನ್ನು ವಿಮಾ ಕಂಪನಿಯು ಒಪ್ಪಿಕೊಳ್ಳತಕ್ಕದ್ದು ಎಂಬ ಎರಡು ಅಂಶಗಳು 2017ರ ಪುನಾರಚನೆಯ ನಿಜವಾದ ಸಾರವೆಂದು ನಾನು ಎಣಿಸುತ್ತೇನೆ.

ಇಲ್ಲಿ ಒಂದು ವಿಪರ್ಯಾಸವಿದೆ. ವಲಸೆ ಅನುಮತಿಯ ನಿರ್ಬಂಧವು ಸಾಮಾನ್ಯವಾಗಿ ಹತ್ತನೆಯ ತರಗತಿ ತೇರ್ಗಡೆಯಾಗದವರಿಗೆ ಮಾತ್ರ. ತೇರ್ಗಡೆಯಾದವನು ಸ್ವತಂತ್ರನು; ಆ ಸ್ವಾತಂತ್ರ್ಯದೊಡನೆ ಕಡ್ಡಾಯದ ವಿಮೆಯಿಂದಲೂ ಬಿಡುಗಡೆ ಹೊಂದಿದವನು. ಹೀಗಿರಲಾಗಿ ಒಂದೇ ಕೋಣೆಯಲ್ಲಿ ಮಲಗುವ, ಒಂದೇ ಸಾರುವೆಯನ್ನೇರಿ ದುಡಿಯುವ ಇಬ್ಬರಲ್ಲಿ, ಎಂಟನೆಯ ತರಗತಿಗೆ ಶಾಲೆ ಬಿಟ್ಟವನ ಹೆಂಡತಿಗೆ 10 ಲಕ್ಷದ ಭರವಸೆಯುಂಟು, ಎಸ್.ಎಸ್.ಎಲ್.ಸಿ. ಮುಗಿಸಿದವನ ಹೆಂಡತಿಗೆ ಅದಿಲ್ಲ. ಶಿಕ್ಷಿತನು ತನ್ನ ಹಿತವನ್ನು ತಾನೇ ಅರಿಯುವನೆಂಬ ಔದಾರ್ಯದಿಂದ ಈ ಭೇದವನ್ನು ಮಾಡಿರಬಹುದು. ಹತ್ತನೆಯ ತರಗತಿಯ ಅಂಕಪಟ್ಟಿಗೆ ಅಷ್ಟು ದೊಡ್ಡ ಹೊರೆಯನ್ನು ಹೊರುವ ಶಕ್ತಿಯಿದೆಯೆಂದು ಮಾತ್ರ ನನಗೆ ತೋರುವುದಿಲ್ಲ. ಮೊದಲ ವರ್ಗದವನ ವಿಮೆಯಾದರೂ ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಮುಗಿಯುತ್ತದೆ. ವಿಮಾನ ಹತ್ತುವಾಗ ಏಜೆಂಟನು ಮಾಡಿಸಿದ ಆ ಕಾಗದವು ಎಲ್ಲಿದೆಯೆಂದು, ಅದರಲ್ಲಿ ನಾಮಿನಿಯಾಗಿ ಯಾರ ಹೆಸರು ಬರೆದಿದೆಯೆಂದು ಬಲ್ಲವರು ಕಡಮೆ. ಮದುವೆಗೆ ಮೊದಲು ಬಂದವನ ಪತ್ರದಲ್ಲಿ ತಾಯಿಯ ಹೆಸರಿರುತ್ತದೆ. ತಾಯಿ ತೀರಿಹೋಗಿರುತ್ತಾಳೆ, ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ, ಪತ್ರವು ಮಾತ್ರ ಇದ್ದಂತೆಯೇ ಇರುತ್ತದೆ.

ಈ ಹಂತದಲ್ಲಿ ನಾಡಿನ ಕಡೆಗೆ ತಿರುಗಿ, ನೋಂದಣಿಯೆಂಬ ಕಾರ್ಯವು ಸಫಲವಾದ ಒಂದು ಉದಾಹರಣೆಯನ್ನು ಸಾವಕಾಶವಾಗಿ ಪರಿಶೀಲಿಸಲು ನಿಮ್ಮ ಅನುಮತಿಯನ್ನು ಬೇಡುತ್ತೇನೆ. ಅದು ಯಶಸ್ವಿನಿ. ಕಿನ್ನಿಗೋಳಿಯ ಕಡೆಯ ಹೃದಯತಜ್ಞ ಡಾ. ದೇವಿಪ್ರಸಾದ ಶೆಟ್ಟರ ಕಲ್ಪನೆಯೂ ರಾಜ್ಯದ ಸಹಕಾರ ಇಲಾಖೆಯ ಜಾಲವೂ ಕೂಡಿ, ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ ರೂಪುಗೊಂಡ ಈ ಯೋಜನೆ 2003ರ ಜೂನ್ 1ರಿಂದ ಕಾರ್ಯಗತವಾಯಿತು. ಕಡೆಯ ಹಳ್ಳಿಯ ರೈತನು ತಲೆಯೊಂದಕ್ಕೆ ತಿಂಗಳಿಗೆ 5 ರೂಪಾಯಿಯಂತೆ, ವರ್ಷಕ್ಕೆ 60 ರೂಪಾಯಿ ತೆತ್ತರೆ, ನಿಶ್ಚಿತವಾದ ಶಸ್ತ್ರಚಿಕಿತ್ಸೆಗಳನ್ನು ಒಪ್ಪಂದದ ಆಸ್ಪತ್ರೆಯಲ್ಲಿ ಕಾಸು ಕೊಡದೆ ಮಾಡಿಸಿಕೊಳ್ಳಬಹುದಾಗಿದ್ದಿತು. ಜ್ವರ, ಕೆಮ್ಮು, ಕಾಮಾಲೆಗಳಿಗೆ ಅದರಲ್ಲಿ ಎಡೆಯಿರಲಿಲ್ಲ. ಆದರೆ ಹಾವು ಕಚ್ಚಿದರೆ, ನಾಯಿ ಕಚ್ಚಿದರೆ, ನೀರಿನಲ್ಲಿ ಮುಳುಗಿದರೆ, ಬೇಸಾಯದ ಯಂತ್ರಕ್ಕೆ ಕೈಸಿಕ್ಕಿದರೆ, ವಿದ್ಯುತ್ತಿನ ಆಘಾತವಾದರೆ ಚಿಕಿತ್ಸೆಯುಂಟೆಂದು ನಿಯಮದಲ್ಲಿ ಬರೆದಿದ್ದರು. ಹೊಲಗದ್ದೆಗಳನ್ನು ಕಣ್ಣಾರೆ ಕಂಡವರು ಬರೆದ ನಿಯಮಾವಳಿಯೆಂಬುದು ಆ ಒಂದು ಸಾಲಿನಿಂದಲೇ ವೇದ್ಯವಾಗುತ್ತದೆ.

ಮೊದಲ ವರ್ಷದಲ್ಲಿಯೇ ಸುಮಾರು 16 ಲಕ್ಷ ಜನರು ಹೆಸರು ಬರೆಸಿದರು. ವಿಮೆಯೆಂದರೆ ಸತ್ತ ಮೇಲೆ ಬರುವ ಹಣವೆಂದು ತಿಳಿದಿದ್ದ ಗ್ರಾಮಾಂತರದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಇದಕ್ಕೆ ಕಾರಣವನ್ನು ಕೆಲವರು ಕಂತಿನ ಅಲ್ಪತೆಯಲ್ಲಿ ಹುಡುಕುತ್ತಾರೆ, ಮತ್ತು ಅದರಲ್ಲಿ ತಥ್ಯವಿಲ್ಲದಿಲ್ಲ. 2005ರಲ್ಲಿ ಕಂತನ್ನು 120 ರೂಪಾಯಿಗೆ ಏರಿಸಿದಾಗ ಸದಸ್ಯರ ಸಂಖ್ಯೆ ಇಳಿಯಿತು. ಆದರೆ ನನ್ನ ಮಟ್ಟಿಗೆ ಮುಖ್ಯ ಕಾರಣ ಬೇರೆ. ಯಶಸ್ವಿನಿಗೆ ಹೆಸರು ಬರೆದುಕೊಂಡವನು ಅಪರಿಚಿತನಾದ ವಿಮಾ ಏಜೆಂಟನಲ್ಲ, ತಾಲ್ಲೂಕು ಕಚೇರಿಯ ಗುಮಾಸ್ತನೂ ಅಲ್ಲ. ಊರಿನ ಹಾಲು ಸಂಘದ, ಕೃಷಿ ಪತ್ತಿನ ಸಂಘದ ಕಾರ್ಯದರ್ಶಿ. ಆತನಿಗೆ ಪ್ರತಿಯೊಂದು ಮನೆಯ ಹಸುಗಳ ಲೆಕ್ಕವೂ ಸಾಲದ ಲೆಕ್ಕವೂ ಮಕ್ಕಳ ಹೆಸರೂ ಗೊತ್ತು. ಹಾಲಿನ ಬಟವಾಡೆಯಲ್ಲಿ ಕಂತನ್ನು ಮುರಿದುಕೊಂಡು, ಸಹಿ ಬಾರದವಳ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡು, ಬಿಟ್ಟುಹೋದ ಅತ್ತೆಯ ಹೆಸರನ್ನು ತಾನೇ ನೆನಪಿಸಿ ಸೇರಿಸಿದ ಕಾರ್ಯದರ್ಶಿಗಳು ಇದ್ದರು. ಜನರು ನಂಬಿದ್ದು ಯೋಜನೆಯನ್ನಲ್ಲ, ಆ ಕಾರ್ಯದರ್ಶಿಯನ್ನು. ನಾಳೆ ಆಸ್ಪತ್ರೆಯು ಬಾಗಿಲು ಹಾಕಿದರೆ ಮರುದಿನ ಬೆಳಿಗ್ಗೆ ಹಾಲು ಹಾಕಲು ಹೋದಾಗ ಇವನನ್ನೇ ಕೇಳಬಹುದೆಂಬ ಧೈರ್ಯವು ಅವರಿಗಿದ್ದಿತು. ಅಂಥ ಕಾರ್ಯದರ್ಶಿಗಳಲ್ಲಿ ಗುರಿಮುಟ್ಟುವ ಆತುರಕ್ಕೆ ಕಾಗದ ತುಂಬಿದವರೂ ಇದ್ದಿರಬೇಕು. ಮನುಷ್ಯರು ನಡೆಸುವ ಕಾರ್ಯದಲ್ಲಿ ಅದೂ ಸೇರಿರುತ್ತದೆ.

2018ರಲ್ಲಿ ಯಶಸ್ವಿನಿಯನ್ನು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. 2022ರಲ್ಲಿ ಪುನಃ ಪ್ರತ್ಯೇಕವಾಗಿ ಎಬ್ಬಿಸಲಾಯಿತು. ಈಗ ಗ್ರಾಮಾಂತರದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1000 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಶುಲ್ಕವಿಲ್ಲ, ಚಿಕಿತ್ಸೆಯ ಮಿತಿ 5 ಲಕ್ಷ. ಸಹಕಾರ ಸಂಘದ ಸದಸ್ಯತ್ವವು ಮೊದಲೇ ಇರಬೇಕು. ನೋಂದಣಿಗೆ ಗೊತ್ತಾದ ಅವಧಿಯುಂಟು, ಅದು ಮುಗಿದ ಮೇಲೆ ಹೋದವನು ಮುಂದಿನ ವರ್ಷಕ್ಕೆ ಕಾಯತಕ್ಕದ್ದು. ಊರಿನಲ್ಲಿ ನಿಮ್ಮ ತಂದೆತಾಯಿಗಳಲ್ಲೊಬ್ಬರು ಪತ್ತಿನ ಸಂಘದಲ್ಲಿ ಸದಸ್ಯರಾಗಿದ್ದರೆ, ಪ್ರತಿ ತಿಂಗಳು ಹಣ ಕಳಿಸುವಾಗ ಈ 500 ರೂಪಾಯಿಯ ನೆನಪನ್ನೂ ಜೊತೆಗೆ ಕಳಿಸುವುದು ಉಚಿತ.

ಹೆಸರು ಬರೆಸುವ ಅಗತ್ಯವೇ ಇಲ್ಲದ ಮಾರ್ಗವೂ ಒಂದುಂಟು. ನನ್ನ ವಾದಕ್ಕೆ ಅದು ಪ್ರತಿಕೂಲವಾದುದಾದರೂ ಮುಚ್ಚಿಡುವುದು ನ್ಯಾಯವಲ್ಲ. ಕಲಬುರಗಿ ವಿಭಾಗದಲ್ಲಿ 2010ರ ಸುಮಾರಿಗೆ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯಲ್ಲಿ ಕಂತೂ ಇರಲಿಲ್ಲ, ನೋಂದಣಿಯೂ ಇರಲಿಲ್ಲ. ಬಿ.ಪಿ.ಎಲ್. ರೇಷನ್ ಕಾರ್ಡೇ ಪ್ರವೇಶಪತ್ರ. ಹೃದಯ, ಕ್ಯಾನ್ಸರ್, ಮೂತ್ರಪಿಂಡಗಳಂಥ ದೊಡ್ಡ ಕಾಯಿಲೆಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟು ನೇರವಾಗಿ ಆಸ್ಪತ್ರೆಗೆ ಹಣ ಸಲ್ಲಿಸುತ್ತಿತ್ತು. ಯೋಜನೆಯ ಗಡಿಯ ಈಚೆಯ ಮತ್ತು ಆಚೆಯ ಹಳ್ಳಿಗಳನ್ನು ಹೋಲಿಸಿದ ಒಂದು ಅಧ್ಯಯನವು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿ, ಆ ರೋಗಗಳಿಂದಾಗುವ ಸಾವುಗಳು ಯೋಜನೆಯಿದ್ದ ಈಚೆಯ ಹಳ್ಳಿಗಳ ಬಡವರಲ್ಲಿ ಗಣನೀಯವಾಗಿ ಕಡಮೆಯಾದುದನ್ನು ತೋರಿಸಿತು. ಹಾಗಾದರೆ ಲೇಖನಿಯೇ ಬೇಡವೇ? ಬೇಡವೆನ್ನುವ ಮುನ್ನ ಎರಡು ಸಂಗತಿಗಳನ್ನು ಗಮನಿಸಬೇಕು. ಊರೂರಿನಲ್ಲಿ ಶಿಬಿರಗಳನ್ನು ನಡೆಸಿ ರೋಗಿಗಳನ್ನು ಗುರುತಿಸಿ ಕರೆತಂದವರು, ಆಸ್ಪತ್ರೆಯ ಬಾಗಿಲಲ್ಲಿ ಕೈಹಿಡಿದು ನಡೆಸಿದ ಆರೋಗ್ಯಮಿತ್ರರು ಅಲ್ಲಿಯೂ ಇದ್ದರು. ಮತ್ತು ಲೇಖನಿಯು ಮಾಯವಾಗಿರಲಿಲ್ಲ, ಆಹಾರ ಇಲಾಖೆಯ ಮೇಜಿಗೆ ಸ್ಥಳಾಂತರವಾಗಿತ್ತು, ಅಷ್ಟೇ. ರೇಷನ್ ಕಾರ್ಡಿನಲ್ಲಿ ಯಾರ ಹೆಸರಿದೆಯೋ ಅವರು ಬದುಕಿನ ಪಟ್ಟಿಯಲ್ಲಿಯೂ ಇದ್ದರು.

ಇದೇ ನಮ್ಮನ್ನು, ಅಂದರೆ ಮತ್ರಾದಲ್ಲಿ ಕುಳಿತು ಉಳ್ಳಾಲ, ಭಟ್ಕಳ, ಕುಂದಾಪುರಗಳಿಗೆ ಹಣ ಕಳಿಸುವವರನ್ನು, ವಿಶೇಷವಾಗಿ ಬಾಧಿಸುವ ಅಂಶ. ಆರೋಗ್ಯ ಕರ್ನಾಟಕವು 2018ರ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಒಂದಾದ ಮೇಲೆ, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಪೂರ್ಣ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ಗೊತ್ತಾದ ದರದ ನೂರಕ್ಕೆ 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಬಿ.ಪಿ.ಎಲ್. ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ 20 ಸಾವಿರವನ್ನು ಮೀರಿರಬಾರದು. ಇಲ್ಲಿ ತಿಂಗಳಿಗೆ ನೂರು ರಿಯಾಲ್ ದುಡಿಯುವವನ ಆದಾಯವು, ಏಜೆಂಟನಿಗೆ ತೆರಲು ಮಾಡಿದ ಸಾಲವನ್ನು ಅವನು ಇನ್ನೂ ತೀರಿಸುತ್ತಿರುವಾಗಲೇ, ಕಾಗದದ ಮೇಲೆ ಆ ಮಿತಿಯನ್ನು ದಾಟಿರುತ್ತದೆ. ಹೀಗೆ ಗಲ್ಫಿಗೆ ಹೋದ ಮಗನಿಂದಾಗಿ ಮನೆಯವರು ಪೂರ್ಣ ರಕ್ಷಣೆಯಿಂದ ಮೂರನೆಯ ಒಂದು ಪಾಲಿಗೂ ಕಡಮೆಯ ರಕ್ಷಣೆಗೆ ಇಳಿಯುತ್ತಾರೆ; ಮಗನಾದರೋ ಇಲ್ಲಿಯ ಪ್ರಜೆಯಲ್ಲದ್ದರಿಂದ ಇಲ್ಲಿಯ ಪೂರ್ಣ ರಕ್ಷಣೆಗೆ ಸಲ್ಲನು. ಇದು ನಿಯಮಬಾಹಿರವಲ್ಲ, ಬಡವರಿಗೆ ಮೀಸಲಾದ ನಿಧಿಯನ್ನು ಸುಳ್ಳು ಹೇಳಿ ಪಡೆಯಿರಿ ಎಂದು ನಾನು ಹೇಳತಕ್ಕವನೂ ಅಲ್ಲ. ಆದರೆ ಎ.ಪಿ.ಎಲ್. ಎಂದೊಡನೆ ತಮಗೇನೂ ಇಲ್ಲವೆಂದು ಕೈಚೆಲ್ಲಿ, ನೂರಕ್ಕೆ 30ರ ಹಕ್ಕನ್ನೂ ಕಳೆದುಕೊಂಡು, ಯಶಸ್ವಿನಿಗೂ ಸೇರದೆ, ಕೊನೆಗೆ ಒಡವೆ ಅಡವಿಟ್ಟವರ ಸಂಖ್ಯೆ ನಮ್ಮಲ್ಲಿ ಸಣ್ಣದಲ್ಲ.

ಶಿಫಾರಸಿನ ವಿಷಯದಲ್ಲಿಯೂ ಅಜ್ಞಾನವೇ ಹೆಚ್ಚು. ಆರೋಗ್ಯ ಕರ್ನಾಟಕದಲ್ಲಿ ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗತಕ್ಕದ್ದು. ಅಲ್ಲಿ ಆಗದ ಚಿಕಿತ್ಸೆಗೆ ಅವರು ಬರೆದುಕೊಟ್ಟ ಮೇಲೆ ಒಪ್ಪಂದದ ಖಾಸಗಿ ಆಸ್ಪತ್ರೆಗೆ. ತುರ್ತುಚಿಕಿತ್ಸೆಗಳಿಗೆ ಮಾತ್ರ ವಿನಾಯಿತಿ. 1848ರಿಂದ ಮಂಗಳೂರಿನ ಬಡವರನ್ನು ಸಲಹುತ್ತ ಬಂದಿರುವ ವೆನ್ಲಾಕ್ ಆಸ್ಪತ್ರೆಯ ಚೀಟಿಯಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಯನ್ನು ಸೇರಿ, ಬಿಲ್ಲು ಬಂದ ಮೇಲೆ ಮತ್ರಾಕ್ಕೆ ಫೋನು ಮಾಡಿ ಅಳುವ ಮನೆಗಳನ್ನು ಈ ಸಭೆಯಲ್ಲಿರುವ ಅನೇಕರು ಬಲ್ಲರು. ಗಲ್ಫಿನಲ್ಲಿ ಮಗನಿರುವಾಗ ವೆನ್ಲಾಕಿಗೆ ಹೋಗುವುದು ಮರ್ಯಾದೆಗೆ ಕಡಮೆಯೆಂಬ ಭಾವನೆಯೂ ಇದರಲ್ಲಿ ಬೆರೆತಿದೆ. ಆ ಮರ್ಯಾದೆಯ ವೆಚ್ಚವನ್ನು ರಿಯಾಲುಗಳಲ್ಲಿ ತೆರುವವನು ಮಗ. ಕಾಸರಗೋಡಿನ ಕನ್ನಡಿಗರ ಪಾಡು ಇನ್ನಷ್ಟು ಜಟಿಲ: ಅವರ ರೇಷನ್ ಕಾರ್ಡು ಕೇರಳದ್ದು, ಯೋಜನೆ ಕೇರಳದ ಕಾರುಣ್ಯ, ಆಸ್ಪತ್ರೆ ಮಾತ್ರ ವಾಡಿಕೆಯಂತೆ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರನ್ನು ತಲುಪಲಾರದೆ ರೋಗಿಗಳು ಪ್ರಾಣಬಿಟ್ಟಾಗ, ಕಾರ್ಡಿಗೂ ಹಾಸಿಗೆಗೂ ನಡುವೆ ಒಂದು ರಾಜ್ಯದ ಗಡಿಯಿದೆಯೆಂಬುದು ಎಲ್ಲರಿಗೂ ಕಂಡಿತು.

ನೋಂದಣಿಯ ಕಾರ್ಯದಲ್ಲಿ ಎದುರಾಗುವ ವಿಘ್ನಗಳಲ್ಲಿ ಹೆಸರಿನದೇ ದೊಡ್ಡದು. ಆಧಾರಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಉಪನಾಮವಾಗಿ ಬರೆದದ್ದು, ರೇಷನ್ ಕಾರ್ಡಿನಲ್ಲಿ ಮನೆಯಲ್ಲಿ ಕರೆಯುವ ಹೆಸರು. ಹೀಗೆ ಒಬ್ಬನೇ ಮನುಷ್ಯನು ಮೂವರಾಗಿ ನಿಂತಿರುತ್ತಾನೆ, ಯಂತ್ರವು ಮೂವರನ್ನೂ ಒಪ್ಪುವುದಿಲ್ಲ. ಜನ್ಮದಿನ ತಿಳಿಯದವರಿಗೆಲ್ಲ ಜನವರಿ 1 ಎಂದು ಬರೆದುಬಿಟ್ಟಿರುವುದು ಇನ್ನೊಂದು ವಿನೋದ. ಬಹುಕಾಲ ವಿದೇಶದಲ್ಲಿದ್ದವರು ಆಧಾರ್ ಮಾಡಿಸಿಕೊಳ್ಳಲು ಊರಿನಲ್ಲಿ 182 ದಿನ ನೆಲಸಿರಬೇಕೆಂಬ ನಿಯಮವನ್ನು 2019ರಲ್ಲಿ ಭಾರತೀಯ ಪಾಸ್‌ಪೋರ್ಟಿರುವ ಅನಿವಾಸಿಗಳ ಮಟ್ಟಿಗೆ ತೆಗೆದುಹಾಕಲಾಗಿದೆ. ರಜೆಯಲ್ಲಿ ಹೋದವರು ಈ ತಿದ್ದುಪಡಿಗಳನ್ನು ಮದುವೆ ಗೃಹಪ್ರವೇಶಗಳ ನಡುವೆ ಒಂದು ಬೆಳಗಿನಲ್ಲಿ ಮುಗಿಸಿಕೊಳ್ಳಬಹುದು.

ಹಳೆಯ ರೋಗವನ್ನು ಮುಚ್ಚಿಡುವ ಅಭ್ಯಾಸವನ್ನು ಕುರಿತೂ ಒಂದು ಮಾತು ಹೇಳಬೇಕಾಗಿದೆ. ಆಯುಷ್ಮಾನ್ ಯೋಜನೆಯಲ್ಲಿ ಮೊದಲೇ ಇದ್ದ ರೋಗಕ್ಕೂ ಮೊದಲ ದಿನದಿಂದಲೇ ರಕ್ಷಣೆಯುಂಟು. ಅಲ್ಲಿ ಮುಚ್ಚಿಡುವುದಕ್ಕೆ ಕಾರಣವೇ ಇಲ್ಲ. ತಂದೆತಾಯಿಗಳಿಗಾಗಿ ಖಾಸಗಿ ವಿಮೆಯನ್ನು ಕೊಳ್ಳುವವರು ಮಾತ್ರ, ಅಂಥ ರೋಗಗಳಿಗೆ 36 ತಿಂಗಳವರೆಗೆ ಕಾಯಿಸುವ ಅಧಿಕಾರ ಕಂಪನಿಗಿದೆಯೆಂದು ತಿಳಿದು, ಇದ್ದುದನ್ನು ಇದ್ದಂತೆ ಬರೆಯತಕ್ಕದ್ದು. ಅಮ್ಮನಿಗೆ ಸಕ್ಕರೆ ಕಾಯಿಲೆಯಿಲ್ಲವೆಂದು ಬರೆದವನು ಆ ಗಳಿಗೆಯಲ್ಲಿ ಕಂತಿನಲ್ಲಿ ಕೊಂಚ ಉಳಿಸುತ್ತಾನೆ. ಆಸ್ಪತ್ರೆಯವರು ಹಳೆಯ ಮಾತ್ರೆಗಳ ಚೀಟಿಯನ್ನು ಹೊರತೆಗೆದ ದಿನ ಎಲ್ಲವನ್ನೂ ಕಳೆಯುತ್ತಾನೆ.

ಇಷ್ಟನ್ನೆಲ್ಲ ಒಬ್ಬ ಗಾರೆಯವನು ತಾನೊಬ್ಬನೇ ತಿಳಿದುಕೊಳ್ಳಲೆಂದು ನಿರೀಕ್ಷಿಸುವುದು ಅನ್ಯಾಯ. ಹಾಲು ಸಂಘದ ಕಾರ್ಯದರ್ಶಿಯಿಲ್ಲದ ಈ ಊರಿನಲ್ಲಿ ಆ ಸ್ಥಾನವನ್ನು ತುಂಬಬಲ್ಲವರು ಯಾರು? ರಾಯಭಾರ ಕಚೇರಿಯು ಅಲ್ ಖುವೈರಿನಲ್ಲಿದೆ, ಅಲ್ಲಿಯ ಅಧಿಕಾರಿಗಳು ಸಹೃದಯರು. ಆದರೆ ಮತ್ರಾದ ಹೊಲಿಗೆ ಅಂಗಡಿಯವನು ಅಲ್ಲಿಗೆ ಹೋಗುವುದು ಪಾಸ್‌ಪೋರ್ಟು ಕಳೆದಾಗ, ಇಲ್ಲವೆ ಯಾರಾದರೂ ಸತ್ತಾಗ. ಯುಗಾದಿಗೆ ಒಬ್ಬಟ್ಟಿನ ಊಟವನ್ನೂ ರಾಜ್ಯೋತ್ಸವಕ್ಕೆ ಯಕ್ಷಗಾನವನ್ನೂ ಏರ್ಪಡಿಸುವ ನಮ್ಮ ಸಂಘಗಳಿಗೆ ಪ್ರತಿಯೊಬ್ಬರ ಊರು, ಮನೆ, ಭಾಷೆ ಗೊತ್ತು. ತುಳುವಿನಲ್ಲಿ ಕೇಳಿದವನಿಗೆ ತುಳುವಿನಲ್ಲಿಯೂ ಬ್ಯಾರಿಯಲ್ಲಿ ಕೇಳಿದವನಿಗೆ ಬ್ಯಾರಿಯಲ್ಲಿಯೂ ಉತ್ತರ ಕೊಡಬಲ್ಲವರು ಅಲ್ಲಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕದಲ್ಲಿ ವಿಮೆ ಮುಗಿಯುವ ತಾರೀಖಿಗೊಂದು ಕಲಮು ಹಾಕಿಕೊಂಡರೆ, ಯಕ್ಷಗಾನದ ಚೆಂಡೆಗೆ ಅದರಿಂದ ಯಾವ ಅಪಸ್ವರವೂ ಬಾರದು.

ದಾನಿಗಳು ಈ ಮಾತನ್ನು ನನಗಿಂತ ಮೊದಲೇ ಯೋಚಿಸಿದ್ದಾರೆ. ಸಭಾಂಗಣದ ಹಿಂಬದಿಯಲ್ಲಿ ಒಂದು ಮೇಜನ್ನು ಹಾಕಿಸಿದ್ದಾರೆ. ಕಂಪ್ಯೂಟರಿನೊಡನೆ ಕುಳಿತಿರುವ ತರುಣ ತರುಣಿಯರು ಪ್ರವಾಸಿ ಬೀಮಾ ಪತ್ರದ ಅವಧಿಯನ್ನು ನೋಡಿ, ಮುಗಿದಿದ್ದರೆ ಇಲ್ಲಿಂದಲೇ ನವೀಕರಿಸುವ ಕ್ರಮವನ್ನು ತೋರಿಸುತ್ತಾರೆ, ನಾಮಿನಿಯ ಹೆಸರನ್ನೂ ನೋಡುತ್ತಾರೆ. ಪಾಸ್‌ಪೋರ್ಟಿನ ಪ್ರತಿಯನ್ನು ತಂದವರು ಚಹಾಕ್ಕೆ ಹೋಗುವ ಮುನ್ನ ಆ ಮೇಜಿನ ಬಳಿ ಹೋಗಬಹುದು. ತರದವರು ತಮ್ಮ ಹೆಸರನ್ನೂ ಫೋನ್ ನಂಬರನ್ನೂ ಬರೆಸಿ ಹೋದರೆ ಮುಂದಿನ ಶುಕ್ರವಾರ ಅವರೇ ಕರೆಯುತ್ತಾರೆ.